ಉಪ್ಪು ನೀರು, ಹಸಿ ಸೌದೆ, ನಿಂತ ಪಂಪು: ಬಾಯ್ಲರ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗೇರುಬೀಜ ಕಾರ್ಖಾನೆ, ಅಕ್ಕಿ ಗಿರಣಿ ಮತ್ತು ಮೀನಿನ ಹುಡಿ ಘಟಕಗಳಿಂದ. ಎಲ್ಲರದ್ದೂ ಸೌದೆ, ಉಮಿ ಅಥವಾ ಗೇರು ಸಿಪ್ಪೆ ಉರಿಸುವ, ಗಂಟೆಗೆ 1ರಿಂದ 3 ಟನ್ ಸ್ಟೀಮ್ ಕೊಡುವ ಬಾಯ್ಲರುಗಳು. ಬಾಯ್ಲರನ್ನೇ ಬದಲಿಸಬೇಕೆ ಎಂದು ಕೆಲವರು ಕೇಳಿದ್ದಾರೆ. ಅದಕ್ಕೆ ಮೊದಲು ಒಳಗೆ ಹೋಗುವ ನೀರನ್ನು ನೋಡಿ ಎನ್ನುವುದು ನಮ್ಮ ಸಲಹೆ. ಹಾಗಾಗಿ ನೀರಿನ ಪತ್ರಗಳಿಗೆ ಮೊದಲ ಜಾಗ.

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ಬಾವಿ ಹೊಳೆಯ ಬದಿಯಲ್ಲಿದೆ. ಸಾಫ್ಟ್‌ನರ್ ಸರಿಯಾಗಿ ಕೆಲಸ ಮಾಡುತ್ತಿದೆ, ಗಡಸುತನ 5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟುವುದಿಲ್ಲ. ಆದರೂ ಮಾರ್ಚ್ ಕಳೆದ ಮೇಲೆ ಸ್ಟೀಮಿನ ಜತೆ ನೀರು ಎಳೆದು ಬರುತ್ತದೆ, ಪೈಪು ಬಡಿದುಕೊಳ್ಳುತ್ತದೆ. ಮಳೆ ಬಂದರೆ ತಾನಾಗಿ ಸರಿಯಾಗುತ್ತದೆ. ಯಾಕೆ? (ಕುಂದಾಪುರ)

ಉತ್ತರ: ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಭರತದ ನೀರು ಮೇಲಕ್ಕೆ ಏರಿ ಬದಿಯ ಬಾವಿಗಳಿಗೂ ಉಪ್ಪು ಸೇರುತ್ತದೆ. ಸಾಫ್ಟ್‌ನರ್ ಈ ಉಪ್ಪನ್ನು ತೆಗೆಯುವುದಿಲ್ಲ. ಅದು ಮಾಡುವುದು ಇಷ್ಟೇ: ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಒಟ್ಟು ಕರಗಿದ ಲವಣ, ಅಂದರೆ ಟಿಡಿಎಸ್, ಒಳಗೆ ಹೋದಷ್ಟೇ ಹೊರಗೂ ಬರುತ್ತದೆ. ಗಡಸುತನದ ಪರೀಕ್ಷೆ ಸರಿ ಬಂದದ್ದನ್ನು ನೋಡಿ ನೀರೇ ಸರಿಯಿದೆ ಎಂದುಕೊಂಡದ್ದರಿಂದ ಗೊಂದಲ.

ಬಾಯ್ಲರಿನೊಳಗೆ ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಸ್ಮೋಕ್ ಟ್ಯೂಬ್ ಪ್ಯಾಕೇಜ್ ಬಾಯ್ಲರಿನಲ್ಲಿ (ಟ್ಯೂಬಿನೊಳಗೆ ಹೊಗೆ, ಸುತ್ತ ನೀರು ಇರುವಂಥದ್ದು) ಟಿಡಿಎಸ್ ಸುಮಾರು 3500 ಪಿಪಿಎಂ ದಾಟಿದರೆ ನೀರಿನ ಮೇಲ್ಮೈಯಲ್ಲಿ ನೊರೆ ನಿಲ್ಲಲು ತೊಡಗುತ್ತದೆ. ಆಗ ಭತ್ತದ ಟ್ಯಾಂಕಿಗೆ ವಾಲ್ವನ್ನು ಒಮ್ಮೆಲೆ ತೆರೆದರೆ ಒಳಗಿನ ಒತ್ತಡ ಇಳಿದು, ಹಾಲು ಉಕ್ಕಿದ ಹಾಗೆ ನೀರು ಉಕ್ಕಿ ಸ್ಟೀಮ್ ಪೈಪಿಗೆ ನುಗ್ಗುತ್ತದೆ.

ತಡೆಯುವ ದಾರಿ ಬ್ಲೋಡೌನ್, ಅಂದರೆ ಲವಣ ತುಂಬಿದ ಬಾಯ್ಲರ್ ನೀರಿನ ಒಂದು ಪಾಲನ್ನು ಹೊರಬಿಡುವುದು. ಎಷ್ಟು ಬಿಡಬೇಕು ಎಂಬುದಕ್ಕೆ ಲೆಕ್ಕವಿದೆ. ಫೀಡ್ ನೀರಿನ (ಬಾಯ್ಲರಿಗೆ ಹಾಕುವ ನೀರು) ಟಿಡಿಎಸ್ಸನ್ನು, 3500ರಿಂದ ಅದೇ ಟಿಡಿಎಸ್ ಕಳೆದು ಉಳಿದ ಸಂಖ್ಯೆಯಿಂದ ಭಾಗಿಸಿ. ಮಳೆಗಾಲ ಮುಗಿದಾಗ ನಿಮ್ಮ ನೀರು 150 ಪಿಪಿಎಂ ಇದೆ ಎಂದಿಟ್ಟುಕೊಳ್ಳಿ: 150 ಭಾಗಿಸು 3350, ಅಂದರೆ ತಯಾರಾದ ಸ್ಟೀಮಿನ ಶೇ 4.5. ಏಪ್ರಿಲ್‌ನಲ್ಲಿ ಅದೇ ಬಾವಿ 900 ತೋರಿಸಿದರೆ 900 ಭಾಗಿಸು 2600, ಸುಮಾರು ಶೇ 35! ಗಂಟೆಗೆ 1 ಟನ್ ಸ್ಟೀಮ್ ಬೇಕಾದರೆ 350 ಲೀಟರ್ ಕುದಿಯುವ ನೀರನ್ನು ಚರಂಡಿಗೆ ಬಿಡಬೇಕು. 7 ಕಿಲೋ (ಚದರ ಸೆಂಟಿಮೀಟರಿಗೆ) ಒತ್ತಡದಲ್ಲಿ ಆ ನೀರು 170 ಡಿಗ್ರಿ ಬಿಸಿ. ಸ್ಟೀಮ್ ಮಾಡಲು ಬೇಕಾದ ಶಾಖಕ್ಕೆ ಹೋಲಿಸಿದರೆ ಇದರಲ್ಲೇ ಶೇ 7–8 ಹೋಗುತ್ತದೆ. ಮಳೆಗಾಲದ ನೀರಾದರೆ ಶೇ 1 ಅಷ್ಟೆ. ಭತ್ತ ಬೇಯಿಸುವ ಸ್ಟೀಮ್ ನೇರ ಭತ್ತಕ್ಕೇ ಹೋಗುವುದರಿಂದ ನಿಮಗೆ ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ಕೂಡ ವಾಪಸ್ ಸಿಗದು. ಬಾಯ್ಲರಿಗೆ ಹಾಕುವುದೆಲ್ಲ ಹೊಸ ನೀರೇ.

ಆದ್ದರಿಂದ ಬೇಸಿಗೆಯ ಮೂರು ತಿಂಗಳಿಗೆ ಎರಡು ಆಯ್ಕೆ. ಒಳನಾಡಿನ ಬಾವಿಯ ನೀರು ತರಿಸಿ ಬೆರೆಸುವುದು ಒಂದು. ಅರ್ಧಕ್ಕರ್ಧ ಬೆರೆಸಿ 900ನ್ನು 500ರ ಆಸುಪಾಸಿಗೆ ಇಳಿಸಿದರೂ ಬ್ಲೋಡೌನ್ ಶೇ 17ಕ್ಕೆ ಇಳಿಯುತ್ತದೆ. ಇನ್ನೊಂದು ಆರ್‌ಒ ಘಟಕ. ವರ್ಷವಿಡೀ ಉಪ್ಪು ನೀರಿರುವವರಿಗೆ ಅದು ಲಾಭ. ಮೂರು ತಿಂಗಳಿಗಾಗಿ ಆರ್‌ಒ ಹಾಕಿ ಉಳಿದ ಒಂಬತ್ತು ತಿಂಗಳು ಅದರ ಪೊರೆ ಒಣಗಿಸುವವರಿಗೆ ಟ್ಯಾಂಕರೇ ಅಗ್ಗ. ಸದ್ಯಕ್ಕೆ ಒಂದು ಟಿಡಿಎಸ್ ಮೀಟರ್ ತಂದು ಬಾಯ್ಲರ್ ನೀರನ್ನು ದಿನಕ್ಕೆರಡು ಸಲ ನೋಡಿ. ಮಾದರಿಯನ್ನು ಕೂಲರ್ ಮೂಲಕ ತಣಿಸಿಯೇ ಹಿಡಿಯಬೇಕು. ಬಕೆಟಿಗೆ ನೇರ ಹಿಡಿದರೆ ಒಂದು ಪಾಲು ಆವಿಯಾಗಿ ಹಾರಿಹೋಗಿ ಟಿಡಿಎಸ್ ಜಾಸ್ತಿ ಕಾಣುತ್ತದೆ, ಕೈ ಸುಡುವುದು ಬೇರೆ.

ಅಡಿಯ ಬ್ಲೋಡೌನ್ ವಾಲ್ವ್ ಇರುವುದು ಮುಖ್ಯವಾಗಿ ಕೆಸರು ತೆಗೆಯಲಿಕ್ಕೆ. ಲೋಡ್ ಕಡಿಮೆಯಿರುವಾಗ, ಗೇಜ್ ಗ್ಲಾಸ್ (ನೀರಿನ ಮಟ್ಟ ತೋರಿಸುವ ಗಾಜು) ನೋಡುತ್ತಾ, ಪಾಳಿಗೊಮ್ಮೆ ಕೆಲವೇ ಸೆಕೆಂಡು ತೆರೆದರೆ ಸಾಕು. ಟಿಡಿಎಸ್ ಇಳಿಸಲು ನೀರಿನ ಮೇಲ್ಮೈ ಹತ್ತಿರದಿಂದ ಸಣ್ಣ ಧಾರೆಯಲ್ಲಿ ನಿರಂತರವಾಗಿ ಹೋಗುವ ಬ್ಲೋಡೌನ್ ಲೈನ್ ಒಳ್ಳೆಯದು.

ಪ್ರಶ್ನೆ: ಸಾಫ್ಟ್‌ನರಿಗೆ ಎಷ್ಟು ಉಪ್ಪು, ಎಷ್ಟು ದಿನಕ್ಕೊಮ್ಮೆ? ನಮ್ಮಲ್ಲಿ ಸೋಮವಾರ ಸೋಮವಾರ ಹಾಕುವ ಕ್ರಮ. (ಕಾರ್ಕಳ)

ಉತ್ತರ: ವಾರ ನೋಡಿ ಹಾಕುವುದಲ್ಲ, ಲೀಟರ್ ನೋಡಿ. 1 ಲೀಟರ್ ರೆಸಿನ್ (ಸಾಫ್ಟ್‌ನರಿನೊಳಗಿನ ಸಣ್ಣ ಮಣಿಗಳು) ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. ನಿಮ್ಮ ಪಾತ್ರೆಯಲ್ಲಿ 100 ಲೀಟರ್ ರೆಸಿನ್ ಇದ್ದರೆ 5000 ಗ್ರಾಂ. ನೀರಿನ ಗಡಸುತನ 100 ಪಿಪಿಎಂ ಆದರೆ 1000 ಲೀಟರಿಗೆ 100 ಗ್ರಾಂ ಬಂತು. 50,000 ಲೀಟರಿಗೆ ರೆಸಿನ್ ತುಂಬಿತು. ಫೀಡ್ ಲೈನಿಗೆ ಒಂದು ನೀರಿನ ಮೀಟರ್ ಕೂರಿಸಿ, 45,000 ಲೀಟರಿಗೆ ನಿಲ್ಲಿಸಿ ರೀಜನರೇಷನ್ ಮಾಡಿ, ಅಂದರೆ ಉಪ್ಪುನೀರು ಹಾಯಿಸಿ ರೆಸಿನ್ನನ್ನು ಮತ್ತೆ ಸಜ್ಜು ಮಾಡಿ.

ಉಪ್ಪು ಲೀಟರ್ ರೆಸಿನ್ನಿಗೆ 120ರಿಂದ 150 ಗ್ರಾಂ, ನಿಮಗೆ 12ರಿಂದ 15 ಕಿಲೋ. ಮೊದಲು 10–15 ನಿಮಿಷ ಕೆಳಗಿನಿಂದ ಮೇಲಕ್ಕೆ ಬ್ಯಾಕ್‌ವಾಶ್, ಹೊರಗೆ ಬರುವ ನೀರು ತಿಳಿಯಾಗುವ ತನಕ. ಆಮೇಲೆ ಶೇ 10ರ ಉಪ್ಪುನೀರನ್ನು ನಿಧಾನವಾಗಿ, 25–30 ನಿಮಿಷ ತೆಗೆದುಕೊಂಡು ಬಿಡಿ. ಬೇಗ ಮುಗಿಸಲು ಹತ್ತೇ ನಿಮಿಷದಲ್ಲಿ ಸುರಿದರೆ ಅರ್ಧ ಉಪ್ಪು ಕೆಲಸ ಮಾಡದೆ ಹೊರಟುಹೋಗುತ್ತದೆ. ಕೊನೆಗೆ ಗಡಸುತನ 5ಕ್ಕಿಂತ ಕೆಳಗೆ ಬರುವವರೆಗೆ ತೊಳೆದು ಲೈನಿಗೆ ಕೊಡಿ. ಗದ್ದೆ ಉಪ್ಪಿನಲ್ಲಿ ಮಣ್ಣು, ಮೆಗ್ನೀಸಿಯಂ ಎರಡೂ ಇರುತ್ತವೆ. ಬೇರೆ ಟ್ಯಾಂಕಿನಲ್ಲಿ ಕರಗಿಸಿ, ಕೆಸರು ತಳಕ್ಕೆ ಕೂತ ಮೇಲೆ ತಿಳಿ ನೀರನ್ನು ಮಾತ್ರ ಎಳೆದುಕೊಳ್ಳಿ.

ರೆಸಿನ್ ಜೇನಿನ ಬಣ್ಣ ಬಿಟ್ಟು ಇಟ್ಟಿಗೆ ಕೆಂಪಿಗೆ ತಿರುಗಿದ್ದರೆ ಕಬ್ಬಿಣ ಹಿಡಿದಿದೆ ಎಂದರ್ಥ. ಮುರಕಲ್ಲಿನ (ಜಂಬಿಟ್ಟಿಗೆ) ಜಾಗದ ಬೋರ್‌ವೆಲ್‌ಗಳಲ್ಲಿ ಇದು ಸಾಮಾನ್ಯ. ಆಗ ಉಪ್ಪು ದುಪ್ಪಟ್ಟು ಹಾಕಿದರೂ ಉಪಯೋಗವಿಲ್ಲ. ಸಾಫ್ಟ್‌ನರಿಗೆ ಮೊದಲು ನೀರನ್ನು ಗಾಳಿಗೆ ಚಿಮ್ಮಿಸಿ ಮರಳಿನ ಫಿಲ್ಟರಿನಲ್ಲಿ ಹಾಯಿಸಬೇಕು.

ಪ್ರಶ್ನೆ: ನಮ್ಮದು ಮುರಕಲ್ಲಿನ ತೆರೆದ ಬಾವಿ. ಗಡಸುತನ 20 ಪಿಪಿಎಂ, ಟಿಡಿಎಸ್ 60. ಇಷ್ಟು ಒಳ್ಳೆಯ ನೀರಿಗೂ ಕೆಮಿಕಲ್ ಬೇಕೇ? ಎರಡೇ ವರ್ಷಕ್ಕೆ ಟ್ಯೂಬ್ ತೂತಾಗಿದೆ. (ಮೂಡುಬಿದಿರೆ)

ಉತ್ತರ: ಕುಡಿಯಲು ಒಳ್ಳೆಯ ನೀರು ಬಾಯ್ಲರಿಗೆ ಒಳ್ಳೆಯದಾಗಬೇಕೆಂದಿಲ್ಲ. ಮುರಕಲ್ಲಿನ ಬಾವಿಯ ನೀರು ಮೆದು, ಆದರೆ ಹುಳಿ ಸ್ವಭಾವದ್ದು. ಪಿಎಚ್ 6ರ ಆಸುಪಾಸು, ಕೆಲವೆಡೆ ಅದಕ್ಕೂ ಕೆಳಗೆ. ಅದಕ್ಕೆ ಸೇರಿ ತಣ್ಣೀರಿನಲ್ಲಿ ಲೀಟರಿಗೆ 7–8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಹುಳಿ ಮತ್ತು ಆಮ್ಲಜನಕ ಒಟ್ಟಾದರೆ ಬಿಸಿ ಉಕ್ಕಿಗೆ ಉಳಿಗಾಲವಿಲ್ಲ.

ತೆಗೆದ ಟ್ಯೂಬನ್ನು ಬಿಸಾಡುವ ಮೊದಲು ಒಮ್ಮೆ ಸರಿಯಾಗಿ ನೋಡಿ. ನೀರಿನ ಬದಿಯಲ್ಲಿ ಅಲ್ಲಲ್ಲಿ ಕಡಲೆಯಷ್ಟು ದೊಡ್ಡ ಕಂದು ಗುಳ್ಳೆಗಳಿದ್ದು, ಉಗುರಿನಿಂದ ಕೆದಕಿದರೆ ಅಡಿಯಲ್ಲಿ ಕಪ್ಪು ಹುಡಿ, ಅದರ ಕೆಳಗೆ ಬಟ್ಟಲಿನಾಕಾರದ ಗುಂಡಿ ಕಂಡರೆ ಅದು ಆಮ್ಲಜನಕದ್ದೇ ಕೆಲಸ. ಫೀಡ್ ನೀರು ಒಳಬರುವ ಬಾಯಿಯ ಹತ್ತಿರ, ನೀರಿನ ಮಟ್ಟದ ಗೆರೆಯಲ್ಲಿ ಇದು ಹೆಚ್ಚು. ಉಳಿದ ಟ್ಯೂಬ್ ಪೂರ್ತಿ ದಪ್ಪಕ್ಕಿದ್ದು ಒಂದೇ ಕಡೆ ತೂತಾಗುವುದು ಇದರ ಲಕ್ಷಣ.

ಮೊದಲ ಮದ್ದು ಶಾಖ. ಫೀಡ್ ಟ್ಯಾಂಕ್ 85 ಡಿಗ್ರಿಗೆ ಬಂದರೆ ಆಮ್ಲಜನಕ ಎರಡೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ, 90ಕ್ಕೆ ಇನ್ನೂ ಕಡಿಮೆ. ಬೋರ್ಮಾದ (ಗೇರುಬೀಜ ಒಣಗಿಸುವ ಬಿಸಿ ಕೋಣೆ) ಕಂಡೆನ್ಸೇಟನ್ನು ವಾಪಸ್ ತಂದು ಟ್ಯಾಂಕ್ ಬಿಸಿ ಮಾಡಿ; ಪೈಪಿನ ಬಾಯಿ ನೀರಿನೊಳಗೆ ಮುಳುಗಿರಲಿ, ಮೇಲಿನಿಂದ ಸುರಿದರೆ ಗಾಳಿಯನ್ನು ಮತ್ತೆ ಬೆರೆಸಿದಂತೆ. ಟ್ಯಾಂಕಿಗೆ ಮುಚ್ಚಳ, ಒಂದು ಸಣ್ಣ ವೆಂಟ್ ಬೇಕು. ಫೀಡ್ ನೀರು 6 ಡಿಗ್ರಿ ಏರಿದರೆ ಸೌದೆ ಸುಮಾರು ಶೇ 1 ಉಳಿಯುತ್ತದೆ ಎಂಬ ಲೆಕ್ಕ ನೀವು ಕೇಳಿರಬಹುದು. ಅದು ಕಂಡೆನ್ಸೇಟ್ ಅಥವಾ ಹೊಗೆಯ ಶಾಖದಿಂದ ಬಿಸಿ ಮಾಡಿದಾಗ ಮಾತ್ರ ನಿಜ. ಬಾಯ್ಲರಿನದ್ದೇ ಸ್ಟೀಮ್ ಬಿಟ್ಟು ಟ್ಯಾಂಕ್ ಕಾಯಿಸಿದರೆ ಸೌದೆಯ ಉಳಿತಾಯವಿಲ್ಲ. ಆದರೂ ಟ್ಯೂಬ್ ಉಳಿಯುತ್ತದೆ, ಹಾಗಾಗಿ ಅದೂ ಮಾಡತಕ್ಕದ್ದೇ.

ಉಳಿದ ಆಮ್ಲಜನಕಕ್ಕೆ ಸೋಡಿಯಂ ಸಲ್ಫೈಟ್. 1 ಭಾಗ ಆಮ್ಲಜನಕಕ್ಕೆ 8 ಭಾಗ. ತಣ್ಣೀರಾದರೆ 1000 ಲೀಟರಿಗೆ 60 ಗ್ರಾಂ ಬೇಕಾದದ್ದು, 85 ಡಿಗ್ರಿ ನೀರಿಗೆ 20 ಗ್ರಾಂ ಸಾಕು. ಬಾಯ್ಲರಿನೊಳಗೆ 30–50 ಪಿಪಿಎಂ ಸಲ್ಫೈಟ್ ಶಿಲ್ಕು ಉಳಿಯುವಂತೆ ಸ್ವಲ್ಪ ಹೆಚ್ಚು ಹಾಕಿ. ಪಿಎಚ್ ಏರಿಸಲು ಕಾಸ್ಟಿಕ್ ಸೋಡಾ. ಬಾಯ್ಲರ್ ನೀರಿನಲ್ಲಿ 10.5ರಿಂದ 11.5 ಇರಬೇಕು. ಬೆಳಗ್ಗೆ ಒಂದು ಮಗ್ಗು ಟ್ಯಾಂಕಿಗೆ ಸುರಿದು ಸಂಜೆಯವರೆಗೆ ಮರೆಯುವ ಪದ್ಧತಿ ಬಿಡಿ. ಫೀಡ್ ಪಂಪ್ ಓಡಿದಾಗ ಮಾತ್ರ ಓಡುವ ಸಣ್ಣ ಡೋಸಿಂಗ್ ಪಂಪ್ ಹಾಕಿ. ಕಲಸಿಟ್ಟ ಸಲ್ಫೈಟ್ ಗಾಳಿಗೆ ತಾನೇ ಕೆಡುತ್ತದೆ, ಡ್ರಮ್ಮಿಗೆ ಮುಚ್ಚಳವಿರಲಿ.

ಗಡಸುತನ 20 ಇದ್ದರೂ ಸಾಫ್ಟ್‌ನರ್ ಬೇಕು. ಗಂಟೆಗೆ 1 ಟನ್ನಿನ ಲೆಕ್ಕದಲ್ಲಿ ದಿನಕ್ಕೆ 10 ಗಂಟೆ ಓಡಿದರೆ 200 ಗ್ರಾಂ, ವರ್ಷಕ್ಕೆ 60 ಕಿಲೋ ಗಾರೆ (ಟ್ಯೂಬಿಗೆ ಕಟ್ಟುವ ಗಟ್ಟಿ ಪದರ, ಸ್ಕೇಲ್) ಒಳಗೆ ಹೋಗುತ್ತದೆ.

ಪ್ರಶ್ನೆ: ಫೀಡ್ ಟ್ಯಾಂಕ್ ಬಿಸಿ ಮಾಡಿದ ಮೇಲೆ ಪಂಪಿನಲ್ಲಿ ಜಲ್ಲಿ ಕಲ್ಲು ತಿರುಗಿದಂಥ ಸದ್ದು, ನೀರು ಏರುವುದಿಲ್ಲ. (ಬಂಟ್ವಾಳ)

ಉತ್ತರ: ಪಂಪಿನ ಬಾಯಲ್ಲೇ ನೀರು ಆವಿಯಾಗುತ್ತಿದೆ. ಟ್ಯಾಂಕ್ ಪಂಪಿನ ಮಟ್ಟದಲ್ಲೇ ನೆಲದ ಮೇಲಿದ್ದರೆ 85 ಡಿಗ್ರಿ ನೀರನ್ನು ಎಳೆಯಲಾಗದು. ಟ್ಯಾಂಕಿನ ತಳವನ್ನು ಪಂಪಿನಿಂದ 3 ಮೀಟರ್ ಮೇಲೆ ಕೂರಿಸಿ, ಸಕ್ಷನ್ (ನೀರು ಎಳೆಯುವ) ಪೈಪನ್ನು ಡೆಲಿವರಿಗಿಂತ ಒಂದು ಸೈಜ್ ದೊಡ್ಡದು ಮಾಡಿ, ಬೆಂಡ್ ಕಡಿಮೆ ಮಾಡಿ, ಸ್ಟ್ರೈನರ್ (ಕಸ ಸೋಸುವ ಜಾಲರಿ) ತೊಳೆಯಿರಿ. ಇಷ್ಟಾದರೂ ಸದ್ದು ನಿಲ್ಲದಿದ್ದರೆ ಪಂಪ್ ನಿಂತಿರುವಾಗ ಅದರ ಮೈಯ ಬಿಸಿಯನ್ನು ಥರ್ಮಾಮೀಟರಿನಿಂದ ಅಳೆದು ನೋಡಿ. ಟ್ಯಾಂಕಿನ ನೀರಿಗಿಂತ ಬಿಸಿ ಇದ್ದರೆ ನಾನ್ ರಿಟರ್ನ್ ವಾಲ್ವ್ ಸೋರಿ ಬಾಯ್ಲರ್ ನೀರು ಹಿಂದಕ್ಕೆ ಬರುತ್ತಿದೆ. ಅದನ್ನು ತೆಗೆದು ಸೀಟ್ ಉಜ್ಜದೆ ಪಂಪ್ ಬದಲಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಗಾಳಿಮಳೆಗೆ ಕರೆಂಟ್ ಹೋದರೆ ಒಲೆಯಲ್ಲಿ ಸೌದೆ ಉರಿಯುತ್ತಲೇ ಇರುತ್ತದೆ, ಪಂಪ್ ನಿಂತಿರುತ್ತದೆ. ಜನರೇಟರ್ ಸ್ಟಾರ್ಟ್ ಆಗುವ ತನಕ ಏನು ಮಾಡಬೇಕು? (ಬ್ರಹ್ಮಾವರ)

ಉತ್ತರ: ಎಣ್ಣೆ ಬಾಯ್ಲರಾದರೆ ಕರೆಂಟಿನ ಜತೆ ಬೆಂಕಿಯೂ ಹೋಗುತ್ತದೆ. ಸೌದೆಗೆ ಆ ಸೌಲಭ್ಯವಿಲ್ಲ. 1 ಟನ್ ಬಾಯ್ಲರ್ ಪೂರ್ತಿ ಲೋಡಿನಲ್ಲಿ ನಿಮಿಷಕ್ಕೆ ಸುಮಾರು 17 ಲೀಟರ್ ನೀರು ಕುಡಿಯುತ್ತದೆ. ಫ್ಯಾನ್ ನಿಂತ ಮೇಲೆ ಅಷ್ಟಿಲ್ಲದಿದ್ದರೂ ಕೆಂಡವಿರುವಷ್ಟು ಹೊತ್ತೂ ಮಟ್ಟ ಇಳಿಯುತ್ತಿರುತ್ತದೆ.

ಕೂಡಲೇ ಸೌದೆ ಹಾಕುವುದು ನಿಲ್ಲಿಸಿ, ಎಫ್‌ಡಿ ಫ್ಯಾನಿನ (ಒಲೆಗೆ ಗಾಳಿ ತಳ್ಳುವ ಫ್ಯಾನ್) ಡ್ಯಾಂಪರ್ ಮತ್ತು ಬೂದಿ ಬಾಗಿಲು ಮುಚ್ಚಿ. ಚಿಮಣಿಯ ಡ್ಯಾಂಪರ್ ಪೂರ್ತಿ ಮುಚ್ಚಬೇಡಿ, ಉರಿಯದ ಗ್ಯಾಸ್ ಒಲೆಯಲ್ಲಿ ತುಂಬಿಕೊಳ್ಳುತ್ತದೆ. ಬ್ಲೋಡೌನ್ ವಾಲ್ವ್‌ಗಳೆಲ್ಲ ಬಿಗಿಯಾಗಿವೆಯೇ ನೋಡಿ. ಆಮೇಲೆ ಇಂಜೆಕ್ಟರ್.

ಇಂಜೆಕ್ಟರ್ ಎಂದರೆ ಕೈಯಷ್ಟು ಉದ್ದದ ಹಿತ್ತಾಳೆಯ ತುಂಡು. ಅದಕ್ಕೆ ಮೋಟಾರಿಲ್ಲ, ಕರೆಂಟ್ ಬೇಡ. ಬಾಯ್ಲರಿನ ಸ್ಟೀಮೇ ಅದರ ನಳಿಗೆಯಲ್ಲಿ ವೇಗವಾಗಿ ನುಗ್ಗಿ ನೀರನ್ನು ಎಳೆದುಕೊಂಡು ಬಾಯ್ಲರಿಗೇ ತಳ್ಳುತ್ತದೆ. ಮೊದಲು ನೀರಿನ ವಾಲ್ವ್ ತೆರೆಯಿರಿ, ಓವರ್‌ಫ್ಲೋ ಬಾಯಿಯಿಂದ ನೀರು ಬರಲಿ. ಆಮೇಲೆ ಸ್ಟೀಮ್ ವಾಲ್ವನ್ನು ಪೂರ್ತಿ ತೆರೆಯಿರಿ. ಓವರ್‌ಫ್ಲೋ ನಿಂತು ಒಂದೇ ಸಮನೆ ಗುಂಯ್‌ಗುಡುವ ಸದ್ದು ಬಂದರೆ ನೀರು ಒಳಗೆ ಹೋಗುತ್ತಿದೆ. ಓವರ್‌ಫ್ಲೋದಲ್ಲಿ ಸ್ಟೀಮ್ ಉಗುಳಿದರೆ ಮುಚ್ಚಿ, ತಣಿಯಲು ಬಿಟ್ಟು ಮತ್ತೆ ಪ್ರಯತ್ನಿಸಿ.

ಇಲ್ಲಿ ಬಹಳ ಕಡೆ ಒಂದು ಎಡವಟ್ಟಾಗುತ್ತದೆ. ಇಂಜೆಕ್ಟರಿಗೆ ತಣ್ಣೀರು ಬೇಕು. ನೀರು 50 ಡಿಗ್ರಿಯ ಮೇಲೆ ಹೋದರೆ ಅದರೊಳಗೆ ಸ್ಟೀಮ್ ಇಂಗುವುದಿಲ್ಲ, ಎಳೆತ ಹುಟ್ಟುವುದಿಲ್ಲ. ಉಳಿತಾಯಕ್ಕೆಂದು ಫೀಡ್ ಟ್ಯಾಂಕನ್ನು 85 ಡಿಗ್ರಿಗೆ ಏರಿಸಿದವರು ಇಂಜೆಕ್ಟರನ್ನು ಅದೇ ಟ್ಯಾಂಕಿಗೆ ಜೋಡಿಸಿಟ್ಟಿರುತ್ತಾರೆ. ಬೇಕಾದ ದಿನ ಅದು ಕೈಕೊಡುತ್ತದೆ. ಸಾಫ್ಟ್‌ನರಿನಿಂದ ನೇರ ತುಂಬುವ 500 ಲೀಟರಿನ ಬೇರೆ ಟ್ಯಾಂಕನ್ನು ಎತ್ತರದಲ್ಲಿಟ್ಟು ಅದಕ್ಕೆ ಇಂಜೆಕ್ಟರ್ ಲೈನ್ ಕೊಡಿ. ವಾರಕ್ಕೊಮ್ಮೆ ಕರೆಂಟ್ ಇರುವಾಗಲೇ ಓಡಿಸಿ ನೋಡಿ. ನಳಿಗೆಯಲ್ಲಿ ಒಂದು ಸಣ್ಣ ಗಾರೆ ಚೂರು ಕೂತರೂ ಅದು ಕೆಲಸ ಮಾಡದು.

ಕರೆಂಟ್ ಬಂದಾಗ ಹೊಗೆಯನ್ನು ಚಿಮಣಿಗೆ ಎಳೆಯುವ ಐಡಿ ಫ್ಯಾನ್ ಮೊದಲು. ಮೂರು ನಾಲ್ಕು ನಿಮಿಷ ಅದು ಎಳೆದು ಒಲೆ ಸ್ವಚ್ಛವಾದ ಮೇಲೆ ಎಫ್‌ಡಿ. ಎಫ್‌ಡಿ ಮೊದಲು ಹಾಕಿದರೆ ತುಂಬಿಕೊಂಡ ಗ್ಯಾಸಿಗೆ ಗಾಳಿ ಸಿಕ್ಕಿ ಒಲೆ ಬಾಗಿಲಿನಿಂದ ಬೆಂಕಿ ಹೊರಗೆ ನುಗ್ಗುತ್ತದೆ.

ಪ್ರಶ್ನೆ: ಗೇಜ್ ಗ್ಲಾಸಿನಲ್ಲಿ ನೀರು ಅರ್ಧಕ್ಕೆ ಕಾಣುತ್ತಿತ್ತು, ಆದರೂ ಕಡಿಮೆ ನೀರಿನ ಅಲಾರಂ ಹೊಡೆಯಿತು. ಅಲಾರಂ ಸುಳ್ಳೆಂದು ಬಂದ್ ಮಾಡಿದ್ದೇವೆ. ಸರಿಯೇ? (ಬೈಕಂಪಾಡಿ)

ಉತ್ತರ: ಸರಿಯಲ್ಲ. ಈ ಸಾಲು ಓದಿದ ಕೂಡಲೇ ಅಲಾರಮ್ಮಿನ ವಯರ್ ಮೊದಲಿದ್ದಂತೆ ಜೋಡಿಸಿ, ಆಮೇಲೆ ಮುಂದಕ್ಕೆ ಓದಿ. ಸುಳ್ಳು ಹೇಳಿದ್ದು ಗ್ಲಾಸ್ ಆಗಿರುವ ಸಾಧ್ಯತೆಯೇ ಹೆಚ್ಚು.

ಗ್ಲಾಸಿಗೆ ಮೇಲೊಂದು ಸ್ಟೀಮ್ ಕಾಕ್, ಕೆಳಗೊಂದು ನೀರಿನ ಕಾಕ್, ಅಡಿಯಲ್ಲಿ ಡ್ರೈನ್. ಕೆಳಗಿನ ದಾರಿ ಗಾರೆಯಿಂದ ಕಟ್ಟಿದರೆ ಗ್ಲಾಸಿನಲ್ಲಿ ಹಳೆಯ ನೀರೇ ನಿಂತಿರುತ್ತದೆ; ಸ್ಟೀಮ್ ಅಲ್ಲೇ ತಣಿದು ಮಟ್ಟ ನಿಧಾನಕ್ಕೆ ಏರಲೂಬಹುದು. ಬಾಯ್ಲರ್ ಓಡುತ್ತಿರುವಾಗ ಆರೋಗ್ಯವಂತ ಗ್ಲಾಸಿನ ನೀರು ಯಾವಾಗಲೂ ಸಣ್ಣಗೆ ಅಲುಗಾಡುತ್ತಿರುತ್ತದೆ. ಗೆರೆ ಎಳೆದಿಟ್ಟಂತೆ ನಿಂತಿದ್ದರೆ ಅನುಮಾನ ಪಡಿ.

ಪ್ರತಿ ಪಾಳಿಯ ಆರಂಭದಲ್ಲಿ ಎರಡೂ ಗ್ಲಾಸುಗಳನ್ನು ಒಂದಾದ ಮೇಲೊಂದು ಪರೀಕ್ಷಿಸಿ. ನೀರಿನ ಕಾಕ್ ಮುಚ್ಚಿ, ಡ್ರೈನ್ ತೆರೆಯಿರಿ: ಜೋರಾಗಿ ಸ್ಟೀಮ್ ಬಂದರೆ ಮೇಲಿನ ದಾರಿ ಸ್ವಚ್ಛ. ಈಗ ಸ್ಟೀಮ್ ಕಾಕ್ ಮುಚ್ಚಿ, ನೀರಿನ ಕಾಕ್ ತೆರೆಯಿರಿ: ನೀರು ರಭಸದಿಂದ ಹೊರಟರೆ ಕೆಳಗಿನ ದಾರಿ ಸ್ವಚ್ಛ. ಡ್ರೈನ್ ಮುಚ್ಚಿ, ನೀರು ಗ್ಲಾಸಿನ ತುದಿಗೆ ಏರುತ್ತದೆ. ಕೊನೆಗೆ ಸ್ಟೀಮ್ ಕಾಕ್ ತೆರೆಯಿರಿ; ನೀರು ತಟ್ಟನೆ ಇಳಿದು ನಿಜವಾದ ಮಟ್ಟಕ್ಕೆ ನಿಲ್ಲಬೇಕು. ಆರಾಮವಾಗಿ, ತೂಕಡಿಸುತ್ತಾ ಇಳಿದರೆ ದಾರಿ ಅರ್ಧ ಕಟ್ಟಿದೆ. ಗ್ಲಾಸಿನ ಮುಂದಿನ ರಕ್ಷಣಾ ಗಾಜು ತೆಗೆದು ಇದನ್ನು ಮಾಡಬೇಡಿ, ಮುಖವನ್ನು ಬದಿಗಿಟ್ಟುಕೊಳ್ಳಿ.

ಅಲಾರಮ್ಮಿನ ಫ್ಲೋಟ್ ಚೇಂಬರನ್ನೂ ದಿನಾ ಬ್ಲೋ ಮಾಡಬೇಕು, ಇಲ್ಲದಿದ್ದರೆ ಕೆಸರು ಕೂತು ಫ್ಲೋಟ್ ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಎಲೆಕ್ಟ್ರೋಡ್ ಮಾದರಿಯಾದರೆ ಅದರ ಪಿಂಗಾಣಿಯ ಮೇಲೆ ಲವಣ ಕಟ್ಟಿ, ನೀರಿಲ್ಲದಿದ್ದರೂ ಇದೆ ಎನ್ನುತ್ತದೆ. ವಾರಕ್ಕೊಮ್ಮೆ, ಲೋಡ್ ಕಡಿಮೆ ಇರುವಾಗ, ಇಬ್ಬರು ಗ್ಲಾಸಿನ ಮುಂದೆಯೇ ನಿಂತು ಫೀಡ್ ಪಂಪ್ ಬಂದ್ ಮಾಡಿ ಮಟ್ಟ ತಾನಾಗಿ ಇಳಿಯಲು ಬಿಡಿ. ಮೊದಲ ಮಟ್ಟಕ್ಕೆ ಅಲಾರಂ, ಎರಡನೆಯದಕ್ಕೆ ಫ್ಯಾನ್ ಮತ್ತು ಸೌದೆ ಫೀಡರ್ ತಾವಾಗಿ ನಿಲ್ಲಬೇಕು, ಅದೂ ಗ್ಲಾಸಿನಲ್ಲಿ ನೀರು ಕಾಣುತ್ತಿರುವಾಗಲೇ. ಹೂಟರ್ ಮಾತ್ರ ಕೂಗಿ ಫ್ಯಾನ್ ಓಡುತ್ತಲೇ ಇದ್ದರೆ ಆ ವಯರಿಂಗ್ ಅರ್ಧದ್ದು.

ಗ್ಲಾಸ್ ಪರೀಕ್ಷಿಸಿದ ಮೇಲೂ ನೀರೇ ಕಾಣದಿದ್ದರೆ? ಪಂಪ್ ಹಾಕಲೇಬೇಡಿ. ಕೆಂಪಾದ ತಗಡಿಗೆ ನೀರು ಬಿದ್ದರೆ ಒಮ್ಮೆಲೇ ಹಬೆಯೇಳುತ್ತದೆ, ತಗಡು ಬಿರಿಯುತ್ತದೆ. ಫ್ಯಾನ್ ನಿಲ್ಲಿಸಿ, ಒದ್ದೆ ಬೂದಿ ಅಥವಾ ಮರಳಿನಿಂದ ಬೆಂಕಿ ಮುಚ್ಚಿ, ಜನರನ್ನು ದೂರ ಕಳಿಸಿ, ತಾನಾಗಿ ತಣಿಯಲು ಬಿಡಿ. ಸೇಫ್ಟಿ ವಾಲ್ವ್ ಎತ್ತುವುದು, ಸ್ಟೀಮ್ ವಾಲ್ವ್ ತಟಕ್ಕನೆ ತೆರೆಯುವುದು ಯಾವುದೂ ಬೇಡ. ಆಮೇಲೆ ಬಾಯ್ಲರ್ ಇನ್‌ಸ್ಪೆಕ್ಟರ್ ನೋಡುವ ತನಕ ಬೆಂಕಿ ಹಚ್ಚುವಂತಿಲ್ಲ.

ಪ್ರಶ್ನೆ: ಸೇಫ್ಟಿ ವಾಲ್ವ್ ಸದಾ ಸೋರುತ್ತದೆ. ಸ್ಪ್ರಿಂಗನ್ನು ಎರಡು ಸುತ್ತು ಬಿಗಿ ಮಾಡಬಹುದೇ? (ಕಾಪು)

ಉತ್ತರ: ಬೇಡ. ಅದರ ಸೆಟ್ಟಿಂಗ್ ಮುದ್ರೆ ಮುಟ್ಟುವ ಅಧಿಕಾರ ನಿಮಗಿಲ್ಲ. ಸೋರಲು ಕಾರಣ ಸಾಮಾನ್ಯವಾಗಿ ಮೂರು: ಸೀಟಿನಲ್ಲಿ ಕಸ ಕೂತು ಗೆರೆ ಬಿದ್ದಿದೆ, ಹೊರಹೋಗುವ ಪೈಪಿನ ಭಾರ ವಾಲ್ವಿನ ಮೇಲೆಯೇ ಬಿದ್ದು ಮೈ ಓರೆಯಾಗಿದೆ, ಅಥವಾ ನೀವು ಬಾಯ್ಲರನ್ನು ಸೆಟ್ ಒತ್ತಡದ ಅಂಚಿನಲ್ಲೇ ಓಡಿಸುತ್ತಿದ್ದೀರಿ. ಸೆಟ್ ಒತ್ತಡಕ್ಕಿಂತ ಕನಿಷ್ಠ ಶೇ 10 ಕೆಳಗೆ ಓಡಿಸಿ; ಪೈಪಿಗೆ ಬೇರೆ ಆಧಾರ ಕೊಡಿ; ಸೀಟನ್ನು ತಿಳಿದವರಿಂದ ಲ್ಯಾಪ್ (ಉಜ್ಜಿ ನಯ) ಮಾಡಿಸಿ. ಕಡಲ ಗಾಳಿಗೆ ಸ್ಪಿಂಡಲ್ ತುಕ್ಕು ಹಿಡಿಯುವುದು ನಮ್ಮಲ್ಲಿ ಹೆಚ್ಚು. ಒತ್ತಡ ಸೆಟ್ಟಿನ ಮುಕ್ಕಾಲು ಭಾಗಕ್ಕೆ ಬಂದಿರುವಾಗ ಲಿವರ್ ಎತ್ತಿ ಒಮ್ಮೆ ಊದಿಸಿ. ಒತ್ತಡವಿಲ್ಲದಾಗ ಎತ್ತಿದರೆ ಕಸ ಸೀಟಿನಲ್ಲೇ ಉಳಿಯುತ್ತದೆ. ವಾಲ್ವಿನ ಮೈಯ ಡ್ರೈನ್ ತೂತು ಕಣಜದ ಗೂಡಿನಿಂದ ಮುಚ್ಚಿಲ್ಲವೇ ಎಂದೂ ನೋಡಿ.

ಪ್ರಶ್ನೆ: ಮೀನಿನ ಹುಡಿ ಘಟಕದ ಡ್ರೈಯರಿನ ಕಂಡೆನ್ಸೇಟ್ ವಾಪಸ್ ತಂದರೆ ನೊರೆ ಬರುತ್ತದೆ. ಇನ್ನೊಂದು, ಮೀನುಗಾರಿಕೆ ರಜೆಯಲ್ಲಿ ಬಾಯ್ಲರನ್ನು ಹೇಗಿಡಬೇಕು? (ಉಳ್ಳಾಲ)

ಉತ್ತರ: ಡ್ರೈಯರಿನ ಕಾಯಿಲ್ (ಸ್ಟೀಮ್ ಹಾಯುವ ಸುರುಳಿ ಪೈಪು) ಎಲ್ಲೋ ಸೋರುತ್ತಿದೆ. ಸ್ಟೀಮ್ ಇರುವಾಗ ಹೊರಕ್ಕೆ ಸೋರುವ ತೂತು, ಸ್ಟೀಮ್ ನಿಲ್ಲಿಸಿ ಕಾಯಿಲ್ ತಣಿದು ನಿರ್ವಾತವಾದಾಗ ಮೀನೆಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಬಾಯ್ಲರಿನ ಕ್ಷಾರದ ಜತೆ ಸೇರಿದರೆ ಅಕ್ಷರಶಃ ಸಾಬೂನು. ನೊರೆಗಿಂತ ದೊಡ್ಡ ಅಪಾಯ ಟ್ಯೂಬಿನ ಮೇಲೆ ಕೂರುವ ಎಣ್ಣೆಯ ಪದರ. ತೆಳ್ಳಗಿದ್ದರೂ ಅದು ಶಾಖವನ್ನು ತಡೆದು ತಗಡನ್ನು ಉಬ್ಬಿಸುತ್ತದೆ. ಕಾಯಿಲ್ ಸರಿಯಾಗುವವರೆಗೆ ಆ ಕಂಡೆನ್ಸೇಟನ್ನು ಹೊರಗೆ ಬಿಡಿ. ಪ್ರತಿ ಡ್ರೈಯರಿನ ವಾಪಸ್ ಲೈನಿಗೂ ಮಾದರಿ ಹಿಡಿಯುವ ಕಾಕ್ ಇಟ್ಟು, ಬೆಳಗ್ಗೆ ಶುರುವಿನ ಹತ್ತು ನಿಮಿಷದ ನೀರನ್ನು ಗಾಜಿನ ಬಾಟಲಿಗೆ ಹಿಡಿದು ನೋಡಿ. ಎಣ್ಣೆ ಬರುವುದು ಆಗಲೇ.

ಜೂನ್ 1ರಿಂದ ಜುಲೈ 31ರ ರಜೆಯ ಎರಡು ತಿಂಗಳು ಬಾಯ್ಲರ್ ಅರ್ಧ ನೀರಿನಲ್ಲಿ ಸುಮ್ಮನೆ ನಿಂತರೆ ಇಡೀ ವರ್ಷ ಓಡಿದ್ದಕ್ಕಿಂತ ಹೆಚ್ಚು ತುಕ್ಕು ಹಿಡಿಯುತ್ತದೆ. ಇಷ್ಟು ದಿನಕ್ಕೆ ಒಣಗಿಸಿಡುವುದೇ ಲೇಸು. ಇನ್ನೂ ಬೆಚ್ಚಗಿರುವಾಗ ಖಾಲಿ ಮಾಡಿ, ತೊಳೆದು, ಪೂರ್ತಿ ಒಣಗಿಸಿ, ಒಳಗೆ ತಟ್ಟೆಗಳಲ್ಲಿ ಘನ ಮೀಟರಿಗೆ ಸುಮಾರು 3 ಕಿಲೋ ಸಿಲಿಕಾ ಜೆಲ್ ಇಟ್ಟು ಎಲ್ಲ ಬಾಯಿಗಳನ್ನೂ ಮುಚ್ಚಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಮತ್ತೆ ಬೆಂಕಿ ಹಾಕುವ ಮೊದಲು ತಟ್ಟೆಗಳನ್ನು ಎಣಿಸಿ ಹೊರತೆಗೆಯಿರಿ. ಹೊಗೆಯ ಬದಿಯಲ್ಲಿ ಬೂದಿ ಉಳಿಸಿದರೆ ಮಳೆಗಾಲದ ತೇವ ಹೀರಿ ಟ್ಯೂಬನ್ನು ಅದೂ ತಿನ್ನುತ್ತದೆ. ಬ್ರಶ್ ಹಾಕಿ ಗುಡಿಸಿ, ಚಿಮಣಿಯ ಡ್ಯಾಂಪರ್ ಮುಚ್ಚಿ, ಮಳೆನೀರು ಇಳಿಯದಂತೆ ತುದಿಗೆ ಟೊಪ್ಪಿ ಹಾಕಿ.

ಪ್ರಶ್ನೆ: ಗೇರು ಸಿಪ್ಪೆ ಉರಿಸುತ್ತೇವೆ. ಎಕನಾಮೈಸರ್ (ಹೊಗೆಯ ಶಾಖದಿಂದ ಫೀಡ್ ನೀರು ಕಾಯಿಸುವ ಸಾಧನ) ಹಾಕಿದ್ದು ಡಾಂಬರಿನಂಥ ಅಂಟಿನಿಂದ ಕಟ್ಟಿಹೋಗಿದೆ. (ಕಾರ್ಕಳ ತಾಲೂಕು)

ಉತ್ತರ: ಎಣ್ಣೆ ತೆಗೆಯದ ಸಿಪ್ಪೆಯಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಎಣ್ಣೆಯೇ ಇರುತ್ತದೆ. ಒಲೆ ಕೆಂಪಗಾಗುವ ಮೊದಲೇ ಬುಟ್ಟಿಗಟ್ಟಲೆ ಸುರಿದರೆ ಎಣ್ಣೆ ಉರಿಯದೆ ಹೊಗೆಯಾಗಿ ಹೋಗಿ, ಮೊದಲು ಸಿಕ್ಕ ತಣ್ಣನೆಯ ಲೋಹಕ್ಕೆ ಅಂಟುತ್ತದೆ. ಎಕನಾಮೈಸರಿಗೆ 30 ಡಿಗ್ರಿಯ ನೀರು ಕೊಡುತ್ತಿದ್ದರೆ ಅಂಟುವುದು ಅಲ್ಲೇ. ಸೌದೆಯಿಂದ ಬೆಂಕಿ ಎಬ್ಬಿಸಿ, ಕೆಂಡ ಹಾಸಾದ ಮೇಲೆ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಜ್ವಾಲೆಯ ಮೇಲಿನಿಂದ ಎರಡನೇ ಗಾಳಿ ಕೊಡಿ. ಎಕನಾಮೈಸರಿಗೆ 85 ಡಿಗ್ರಿಯ ನೀರೇ ಹೋಗಲಿ. ಎಣ್ಣೆ ಹಿಂಡಿದ ಸಿಪ್ಪೆ ಸಿಗುವುದಾದರೆ ಅದು ಇನ್ನೂ ಉತ್ತಮ. ಬೆಂಕಿ ಹಚ್ಚುವಾಗ ಹೊಗೆಯನ್ನು ಬೈಪಾಸ್ ದಾರಿಯಲ್ಲಿ ಕಳಿಸಿ.

ಪಂಪ್ ಆನ್–ಆಫ್ ಆಗುವ ಬಾಯ್ಲರಿನಲ್ಲಿ ಎಕನಾಮೈಸರಿಗೆ ಇನ್ನೊಂದು ಕಾಟವಿದೆ. ಪಂಪ್ ನಿಂತಾಗ ಒಳಗೆ ನಿಂತ ನೀರು ಕುದಿದು ಬಡಿಯುತ್ತದೆ. ನೀರು ಸದಾ ಹರಿಯುವಂತೆ ಮಾಡ್ಯುಲೇಟಿಂಗ್ ವಾಲ್ವ್ ಬೇಕು. ಹೊಗೆಯನ್ನು 220ರಿಂದ 150 ಡಿಗ್ರಿಗೆ ಇಳಿಸಿದರೆ ಸಿಗುವುದು ಇಂಧನದಲ್ಲಿ ಸುಮಾರು ಶೇ 3ರ ಉಳಿತಾಯ. ಹೊಗೆಯ ಬಿಸಿ ಮಾಮೂಲಿಗಿಂತ 40 ಡಿಗ್ರಿ ಏರಿದ್ದರೆ ಮೊದಲು ಟ್ಯೂಬ್ ಗುಡಿಸಿ, ಶೇ 2 ಪುಕ್ಕಟೆ ಬಂತು.

ಹಸಿ ಸೌದೆಯ ಬಗ್ಗೆ ಕೇಳಿದವರಿಗೂ ಇಲ್ಲೇ ಹೇಳಿಬಿಡುತ್ತೇವೆ. ಅರ್ಧ ತೂಕ ನೀರೇ ಇರುವ ಸೌದೆ ಕಿಲೋಗೆ 2000 ಕಿಲೋ ಕ್ಯಾಲರಿ ಕೊಟ್ಟರೆ, ತೇವ ಶೇ 20ಕ್ಕೆ ಇಳಿದದ್ದು 3500ರ ಹತ್ತಿರ ಕೊಡುತ್ತದೆ. ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಎರಡು ತಿಂಗಳ ಸೌದೆ ಮಾಡಿನ ಅಡಿಗೆ ಸೇರಿರಬೇಕು.

ಪ್ರಶ್ನೆ: ಬೋರ್ಮಾದ ನಾಲ್ಕು ಕಾಯಿಲ್‌ಗಳಿಗೆ ಒಂದೇ ಸ್ಟೀಮ್ ಟ್ರ್ಯಾಪ್ (ಸ್ಟೀಮ್ ತಡೆದು ತಣಿದ ನೀರನ್ನು ಮಾತ್ರ ಹೊರಬಿಡುವ ವಾಲ್ವ್) ಸಾಕೇ? (ಪುತ್ತೂರು)

ಉತ್ತರ: ಸಾಲದು. ಒತ್ತಡ ಹೆಚ್ಚಿರುವ ಕಾಯಿಲ್ ಉಳಿದವುಗಳ ನೀರನ್ನು ತಡೆಯುತ್ತದೆ, ಒಂದು ಮೂಲೆಯ ಬೀಜ ಒಣಗುವುದಿಲ್ಲ. ಪ್ರತಿ ಕಾಯಿಲಿಗೆ ಒಂದೊಂದು ಫ್ಲೋಟ್ ಟ್ರ್ಯಾಪ್, ಅದರ ಮುಂದೆ ಸ್ಟ್ರೈನರ್. ಮುಖ್ಯ ಲೈನಿನಲ್ಲಿ 30–40 ಮೀಟರಿಗೊಂದು ಥರ್ಮೋಡೈನಮಿಕ್ ಟ್ರ್ಯಾಪ್. ಪೈಪಿಗೆ ಹರಿವಿನ ದಿಕ್ಕಿನಲ್ಲಿ 100ಕ್ಕೆ 1ರ ಇಳಿಜಾರು. ಥರ್ಮೋಡೈನಮಿಕ್ ಟ್ರ್ಯಾಪಿನ ಟಕ್ ಟಕ್ ಸದ್ದು ಬಿಡುವಿಲ್ಲದೆ ಬಂದರೆ ಡಿಸ್ಕ್ ಸವೆದಿದೆ. 7 ಕಿಲೋ ಒತ್ತಡದಲ್ಲಿ 3 ಮಿಲಿಮೀಟರಿನ ತೂತು ಗಂಟೆಗೆ 20–25 ಕಿಲೋ ಸ್ಟೀಮ್ ನುಂಗುತ್ತದೆ, ಅಂದರೆ ಒಣ ಸೌದೆಯಲ್ಲಿ 6–7 ಕಿಲೋ.

ಪ್ರಶ್ನೆ: ಹೋಟೆಲಿನ ಇಡ್ಲಿ ಬಾಯ್ಲರಿಗೂ ಕಾನೂನು ಅನ್ವಯಿಸುತ್ತದೆಯೇ? (ಉಡುಪಿ)

ಉತ್ತರ: ನೀರಿನ ಸಾಮರ್ಥ್ಯ 25 ಲೀಟರಿಗಿಂತ ಕಡಿಮೆಯಿದ್ದರೆ, ಅಥವಾ ವಿನ್ಯಾಸದ ಒತ್ತಡ ಮತ್ತು ಓಡಿಸುವ ಒತ್ತಡ ಎರಡೂ 1 ಕಿಲೋಗಿಂತ ಕೆಳಗಿದ್ದರೆ ಅದು ಕಾನೂನಿನ ಲೆಕ್ಕದ ಬಾಯ್ಲರಲ್ಲ. 1923ರ ಕಾಯ್ದೆಯ ಜಾಗಕ್ಕೆ ಬಂದ 2025ರ ಬಾಯ್ಲರ್ ಕಾಯ್ದೆಯಲ್ಲೂ ಈ ಮಿತಿ ಹಾಗೇ ಇದೆ. ಅದಕ್ಕಿಂತ ದೊಡ್ಡದಾದರೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ಅರ್ಹ ಬಾಯ್ಲರ್ ಅಟೆಂಡೆಂಟ್ ಎಲ್ಲವೂ ಬೇಕು.

ಕಾನೂನಿನ ಹೊರಗಿದ್ದರೂ ಸೇಫ್ಟಿ ವಾಲ್ವ್ ಮತ್ತು ನೀರು ಕಾಣುವ ಗ್ಲಾಸ್ ಇಲ್ಲದ ಪಾತ್ರೆಯನ್ನು ಅಡುಗೆಮನೆಯಲ್ಲಿ ಇಡಬೇಡಿ. ಸ್ಟೀಮ್ ನೇರ ಇಡ್ಲಿಗೇ ತಾಗುವುದರಿಂದ ಯಾರೋ ಕೊಟ್ಟ ಬಾಯ್ಲರ್ ಕೆಮಿಕಲ್ ಹಾಕುವ ಮೊದಲು ಆಹಾರಕ್ಕೆ ಆಗುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಹೈಡ್ರಜೀನ್ ಇರುವುದು ಖಂಡಿತ ಬೇಡ, ಅದು ವಿಷ. ಭತ್ತ ಬೇಯಿಸುವ ಗಿರಣಿಗಳಿಗೂ ಇದೇ ಮಾತು. ಸಣ್ಣ ಬಾಯ್ಲರಿಗೆ ಮೆದು ನೀರು ಹಾಕಿ, ರಾತ್ರಿ ಕೆಲಸ ಮುಗಿದು ಒತ್ತಡ ಪೂರ್ತಿ ಇಳಿದ ಮೇಲೆ ಖಾಲಿ ಮಾಡಿ, ಬೆಳಗ್ಗೆ ಹೊಸ ನೀರು ತುಂಬಿದರೆ ಕೆಮಿಕಲ್ಲಿನ ಅಗತ್ಯವೇ ಬೀಳದು.